ಮೂರನೆಯ ಕಾವಲುಗಾರ

ಮೂರನೆಯ ಕಾವಲುಗಾರನ ಮುಖ ಇಂದು ಸ್ಪಷ್ಟವಾಗಿ ಕಾಣಲಿದೆ ಎಂಬ ಒಂದೇ ಕಾರಣಕ್ಕೆ ಟೈಲರ್ ಮಾಸ್ಟರು ಆ ಭಾನುವಾರ ಮಧ್ಯಾಹ್ನವೇ ಅಂಗಡಿಯ ಬಾಗಿಲೆಳೆದರು. ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ. ಮಗಳು ಅಲ್ಲಿ ಚಿಂದಿಬಟ್ಟೆಯ ಗಂಟುಗಳನ್ನು ಮಂಚದ ಕೆಳಗೆ ತಳ್ಳಿ, ಬರುವವರಿಗೆ ಜಾಗ ಮಾಡುತ್ತಿದ್ದಳು. ಮಾಸ್ಟರು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತರು.

"ಯಾರ ಮದುವೆಗಪ್ಪಾ ಇಷ್ಟೊಂದು ಸಡಗರ?" ಎಂದಳು ಮಗಳು.

"ಅವನೇನು ನನ್ನ ನೋಡ್ತಾನೇನೇ? ನಾನು ತಾನೆ ಅವನ್ನ ನೋಡೋದು," ಎಂದು ಮಾಸ್ಟರು ನಕ್ಕರು. ಆದರೂ ಕಾಲರನ್ನೊಮ್ಮೆ ಸರಿಮಾಡಿಕೊಂಡರು.

ಅವನೆಂದರೆ ಮನೆ ಬಿಟ್ಟುಹೋದ ಮಗ. ಎಳವೆಯಲ್ಲಿ ಬಂದ ಜ್ವರವೊಂದು ಅವನ ಎಡಗಾಲನ್ನು ಬೆಳೆಯಗೊಡದೆ, ಮೊಣಕಾಲು ಮಡಚದಂತೆ ಬಿಗಿದುಬಿಟ್ಟಿತ್ತು. ವಾರಕ್ಕೊಮ್ಮೆ 'ಹನ್ನೆರಡನೆಯ ಕಕ್ಷೆ' ಎಂಬ ಧಾರಾವಾಹಿ ಬರುವ ಹೊತ್ತಿಗೆ ಆ ಕಾಲನ್ನು ಕೋಲಿನಂತೆ ಮುಂದೆ ಚಾಚಿಕೊಂಡು ಟಿವಿಯೆದುರು ಕೂರುತ್ತಿದ್ದ. ಭೂಮಿಗೆ ಮರಳುವ ದಾರಿ ತಪ್ಪಿದ ಆಕಾಶನೌಕೆಯೊಂದರ ಕಥೆ ಅದು: ರಟ್ಟಿನ ಗ್ರಹಗಳು, ಬಕೆಟ್ಟಿನಂಥ ತಲೆಯ ಯಂತ್ರಮಾನವ, ಬೆಳ್ಳಿಬಣ್ಣದ ಸಮವಸ್ತ್ರ. ಅದನ್ನು ತೆಗೆಯುವ ಸ್ಟುಡಿಯೋಕ್ಕೆ ಹೋಗಿ ತಾನೂ ನೌಕೆಯಲ್ಲಿ ಸೇರಿಕೊಳ್ಳುವೆನೆಂದು ಅವನು ಹಟ ಹಿಡಿದ ದಿನ, ಮಾಸ್ಟರು ಕತ್ತರಿಯಿಂದ ಕಣ್ಣೆತ್ತದೆ, "ನೆಲದ ಮೇಲೇ ನೆಟ್ಟಗೆ ನಡೆಯೋಕಾಗದವನಿಗೆ ಆಕಾಶದಲ್ಲಿ ಯಾರಪ್ಪಾ ಕೆಲಸ ಕೊಡ್ತಾರೆ?" ಎಂದಿದ್ದರು. ಅಂಗಡಿಯಲ್ಲಿದ್ದ ಗಿರಾಕಿಗಳು ಗೊಳ್ಳೆಂದರು. ಮರುದಿನ ಬೆಳಿಗ್ಗೆ ಅವನ ಹಾಸಿಗೆ ಬಿಚ್ಚದೆ ಸುತ್ತಿಟ್ಟಂತೆಯೇ ಇತ್ತು.

ಕೆಲವು ತಿಂಗಳು ಕಳೆದ ಮೇಲೆ, ಧಾರಾವಾಹಿಯ ಕೊನೆಯ ಕಂತಿನಲ್ಲಿ, ನೌಕೆಯ ಮೇಲಂತಸ್ತಿನ ಕಟಕಟೆಯ ಹಿಂದೆ ಸಾಲಾಗಿ ನಿಂತ ಕಾವಲುಗಾರರಲ್ಲಿ ಮೂರನೆಯವನು ಒಮ್ಮೆ ಮುಖ ತಿರುಗಿಸಿ ನೋಡಿದ. "ನಮ್ಮ ಹುಡುಗ ಕಣ್ರೋ!" ಎಂದು ಮಾಸ್ಟರು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿತು. ಆ ಕಂತನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದ ವಿಡಿಯೊ ಲೈಬ್ರರಿಯವನು ಅದನ್ನು ಅವರಿಗೇ ಕೊಟ್ಟುಬಿಟ್ಟ. ಮುಖ ತಿರುಗುವ ಗಳಿಗೆಯಲ್ಲಿ ಟೇಪು ನಿಲ್ಲಿಸಿದರೆ ಚಿತ್ರದ ನಡುವೆ ಅಡ್ಡಲಾಗಿ ಬಿಳಿಯ ಪಟ್ಟಿಯೊಂದು ನಡುಗುತ್ತಿತ್ತು. ಪಟ್ಟಿಯ ಮೇಲೆ ಮಸುಕಾದ ಮುಖ, ಕೆಳಗೆ ಕಾಲಿರಬೇಕಾದಲ್ಲಿ ಬರೀ ಕತ್ತಲು. ಅದೇ ಹಣೆ, ಅದೇ ಕಿವಿ ಎಂದು ಮಾಸ್ಟರು ಸಾಧಿಸಿದರು. ಸ್ಟುಡಿಯೋ ಹುಡುಕಿಕೊಂಡು ಹೋಗಿ ಬಂದದ್ದೂ ಆಯಿತು. ಅಷ್ಟರಲ್ಲಿ ಅದು ಸಿಮೆಂಟಿನ ಗೋದಾಮಾಗಿತ್ತು. "ಇದ್ದಾನಲ್ಲ, ಸಾಕು. ಕೋಪ ಇಳಿದಾಗ ಬರ್ತಾನೆ," ಎಂದರು.

ಮರುವರ್ಷ ಪೊಲೀಸಿನವರೊಬ್ಬರು ಅಂಗಡಿಯ ಮೆಟ್ಟಿಲು ಹತ್ತಿದರು. ಹೊಳೆಯ ಕೆಳಗಿನ ಅಣೆಕಟ್ಟಿನಲ್ಲಿ ಒಂದು ಹೆಣ ಸಿಕ್ಕಿದೆ, ಎಳೆಯ ವಯಸ್ಸು, ಏನೋ ಗುರುತಿದೆ, ಒಮ್ಮೆ ಬಂದು ನೋಡಬೇಕು ಎಂದರು. ಮಾಸ್ಟರು ಅವರನ್ನು ಒಳಗೆ ಕೂರಿಸಿ, ಟೇಪು ಹಾಕಿ, ಮೂರನೆಯ ಕಾವಲುಗಾರನ ಮೇಲೆ ಬೆರಳಿಟ್ಟು, "ನನ್ನ ಮಗ ಇಲ್ಲಿದ್ದಾನೆ ಸ್ವಾಮಿ," ಎಂದು ತೋರಿಸಿದರು. ಆಗಿನ್ನೂ ಲಂಗ ತೊಡುತ್ತಿದ್ದ ಮಗಳು ಟೀ ತಂದಿಟ್ಟಳು. ಪೊಲೀಸಿನವರು ಕುಡಿದು, ಸಂತೋಷಪಟ್ಟು, ಹೊರಟುಹೋದರು.

ಆಮೇಲೆ ಮಾಸ್ಟರು ವರ್ಷಕ್ಕೊಂದು ಪ್ಯಾಂಟು ಹೊಲಿದಿಟ್ಟರು. ಎಡಗಾಲಿನ ಅಂಚನ್ನು ಮೂರು ಬೆರಳು ಒಳಕ್ಕೆ ಮಡಚಿ, ಬಲಗಾಲಿನದನ್ನು ಹಾಗೆಯೇ ಬಿಟ್ಟು. ಈಚೆಗೆ ಸೊಂಟವನ್ನೂ ಸಡಿಲ ಮಾಡುತ್ತಿದ್ದರು. "ಅವನಿಗೂ ವಯಸ್ಸಾಯ್ತಲ್ಲೇ, ಹೊಟ್ಟೆ ಬಂದಿರುತ್ತೆ," ಎನ್ನುತ್ತಿದ್ದರು. ಪ್ಯಾಂಟುಗಳು ಕಪಾಟಿನಲ್ಲಿ ಬೆಳೆದವು. ನಿಲ್ಲಿಸಿ ನಿಲ್ಲಿಸಿ ಟೇಪು ಮಾತ್ರ ಸರಿಯಾಗಿ ಆ ಜಾಗದಲ್ಲೇ ಸವೆಯಿತು. ಉಳಿದ ಕಥೆಯೆಲ್ಲ ನೆಟ್ಟಗಿದ್ದು, ಅವನ ಮುಖವೊಂದೇ ಬಿಳಿ ಚುಕ್ಕೆಗಳ ಗದ್ದಲದಲ್ಲಿ ಅಳಿಸಿಹೋಯಿತು.

ಈ ಭಾನುವಾರ ಮೊದಲು ಬಂದವನು ಆ ವಿಡಿಯೊ ಲೈಬ್ರರಿಯವನೇ. ಅಂಗಡಿ ಮುಚ್ಚಿ ಮೊಬೈಲಿನ ಕವರು ಮಾರತೊಡಗಿ ಎಷ್ಟೋ ಕಾಲವಾದರೂ ಕ್ಯಾಸೆಟ್ ಎಂಬ ಅಡ್ಡಹೆಸರು ಅವನನ್ನು ಬಿಟ್ಟಿರಲಿಲ್ಲ. ಹಿಂದೆಯೇ ಹಲ್ಲಿನ ಡಾಕ್ಟರಮ್ಮ. ಇಬ್ಬರೂ ಧಾರಾವಾಹಿಯ ಹುಚ್ಚು ಅಂಟಿಸಿಕೊಂಡವರು. ಮಾಸ್ಟರು ಹಿಂದೆಂದೋ ಹೊಲಿದುಕೊಟ್ಟ ಬೆಳ್ಳಿ ಕೋಟನ್ನು ಇಬ್ಬರೂ ತೊಟ್ಟಿದ್ದರು.

"ಗುಂಡಿ ಹಾಕ್ಕೊಳ್ರೀ ಕ್ಯಾಸೆಟ್ಟು, ನೌಕೆಯ ಮರ್ಯಾದೆ ಪ್ರಶ್ನೆ," ಎಂದರು ಡಾಕ್ಟರಮ್ಮ.

"ಹಾಕ್ಕೊಂಡ್ರೆ ಹಾರಿ ಬಂದು ನಿಮ್ಮ ಕಣ್ಣಿಗೇ ಬಡಿಯುತ್ತೆ. ಕೋಟು ಕುಗ್ಗಿದೆ ಕಣ್ರೀ."

"ಹೌದೌದು, ಬೀರುವಿನಲ್ಲಿ ನೇತಾಡಿ ನೇತಾಡಿ ಕುಗ್ಗಿರಬೇಕು, ಪಾಪ!"

ಕ್ಯಾಸೆಟ್ ಕಂಕುಳಿನಿಂದ ಡಿಸ್ಕುಗಳ ಹೊಸ ಪೆಟ್ಟಿಗೆಯನ್ನು ತೆಗೆದು, ಕೂಸನ್ನು ಒಪ್ಪಿಸುವಂತೆ ಮಾಸ್ಟರ ಕೈಗಿಟ್ಟ. "ಧಾರಾವಾಹಿಯ ಒಂದೊಂದು ಚಿತ್ರಾನೂ ತೊಳೆದು ಹೊಸದು ಮಾಡಿದ್ದಾರಂತೆ ಮಾಸ್ಟರ್. ಕ್ಯಾಪ್ಟನ್ ಮೂಗಿನ ಮೇಲಿನ ಮೊಡವೆ ಎಣಿಸಬಹುದು. ಮೊದಲನೇ ಕಂತಿಂದ ಶುರು ಮಾಡೋಣ್ವಾ?"

"ಕೊನೇದೇ ಹಾಕಪ್ಪಾ," ಎಂದರು ಮಾಸ್ಟರು.

ಅಗಲವಾದ ಟಿವಿಯ ತುಂಬ ಆಕಾಶ ಹರಡಿತು. ನೌಕೆ ತೇಲಿಬಂತು, ಅದನ್ನು ಮೇಲಿನಿಂದ ತೂಗುಹಾಕಿದ್ದ ದಾರವೂ ಜೊತೆಗೇ ಮಿರುಗಿತು. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಸೆಟ್ಟಿನ ಮುಖ ಇಳಿಯಿತು.

"ಇಷ್ಟು ವರ್ಷ ಈ ದಾರ ಕಂಡೇ ಇರಲಿಲ್ಲವಲ್ರೀ," ಎಂದ.

"ಶ್!" ಎಂದರು ಮಾಸ್ಟರು. "ಬರ್ತಿದ್ದಾನೆ."

ಮೇಲಂತಸ್ತು ಬಂತು. ಕಟಕಟೆಯ ಒಂದೊಂದು ಸರಳೂ ಬೇರೆಬೇರೆಯಾಗಿ ಕಂಡಿತು. ಅದರ ಹಿಂದೆ ಸಾಲು ಬೂಟುಗಳು, ಸಾಲು ಪ್ಯಾಂಟುಗಳು, ಬೆಳ್ಳಿಯ ಪಟ್ಟಿಗಳು, ಎದೆಯವರೆಗಿನ ಮೈಗಳು. ಅದರ ಮೇಲೆ ಟಿವಿಯ ಕಪ್ಪು ಅಂಚು. ಯಾರಿಗೂ ತಲೆಯೇ ಇರಲಿಲ್ಲ.

"ಮುಖ ಎಲ್ಲೋ?" ಎಂದರು ಮಾಸ್ಟರು.

ಕ್ಯಾಸೆಟ್ ಚಿತ್ರ ನಿಲ್ಲಿಸಿದ, ಹಿಂದಕ್ಕೆ ಓಡಿಸಿದ, ಮತ್ತೆ ನಿಲ್ಲಿಸಿದ. "ಹಳೇ ಟಿವಿ ಚೌಕಾಕಾರ ಇತ್ತು ಮಾಸ್ಟರ್. ಈಗಿನ ಅಗಲದ ಟಿವಿ ತುಂಬ್ಲಿ ಅಂತ ಮೇಲೆ ಕೆಳಗೆ ಕತ್ತರಿಸಿ ಬಿಟ್ಟಿದ್ದಾರೆ, ಹಾಳಾದವರು."

"ಬಟ್ಟೆ ಕಂಡಿದ್ದೇ ಕತ್ತರಿ ಆಡಿಸೋದಾ?" ಎಂದು ಡಾಕ್ಟರಮ್ಮ ರೇಗಿದರು. "ಯಾವನ್ರೀ ಅವನು ಕೆಲಸಗೇಡಿ?"

ಮಾಸ್ಟರು ರೇಗಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದು, ಮೂಗು ತಾಗುವಷ್ಟು ಹತ್ತಿರ ಕೂತರು. ಗಿರಾಕಿಯ ಮುಖ ನೋಡದೆಯೇ ಅಳತೆ ತೆಗೆಯುವ ಕಣ್ಣು ಅದು. ಮಗಳಿಗೆ ಆ ಕಣ್ಣು ಗೊತ್ತಿತ್ತು. ಅದು ಸೊಂಟದಿಂದ ತೊಡೆಗೆ, ತೊಡೆಯಿಂದ ಕೆಳಕ್ಕೆ ಇಳಿಯುವುದನ್ನು ನೋಡುತ್ತಿದ್ದಂತೆ ಅವಳು ರಿಮೋಟಿಗೆ ಕೈಚಾಚಿದಳು.

"ಸಾಕು ಬಿಡಪ್ಪಾ. ಹಳೇ ಟೇಪೇ ಹಾಕೋಣ," ಎಂದಳು.

"ನಿಲ್ಲಿಸಬೇಡಿ. ಮುಂದಕ್ಕೆ ಹೋಗಲಿ."

ಕ್ಯಾಪ್ಟನ್ ಆಜ್ಞೆ ಕೊಟ್ಟ. ಟೇಪಿನ ಕತ್ತಲಲ್ಲಿ ಎಂದೂ ಕಾಣದಿದ್ದದ್ದು ಈಗ ಹಗಲಿನಷ್ಟು ನಿಚ್ಚಳವಾಗಿ ನಡೆಯಿತು. ಕಾವಲುಗಾರರು ಒಟ್ಟಿಗೆ ತಿರುಗಿ, ಮೊಣಕಾಲೆತ್ತಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದರು. ಮೂರನೆಯವನ ಎಡ ಮೊಣಕಾಲು ಬಲದಷ್ಟೇ ಎತ್ತರಕ್ಕೆ ಎದ್ದಿತು, ಅಷ್ಟೇ ಹಗುರವಾಗಿ ಇಳಿಯಿತು.

"ಇನ್ನೊಂದು ಸಲ," ಎಂದರು ಮಾಸ್ಟರು.

ಇನ್ನೊಂದು ಸಲವೂ ಎದ್ದಿತು.

ಕ್ಯಾಸೆಟ್ ಮೂರನೆಯವನ ಬೂಟಿನತ್ತ ಬೆರಳು ಮಾಡಿದ. "ಬೂಟಿನೊಳಗೆ ದಪ್ಪ ಅಟ್ಟೆ ಹಾಕಿ ಸರಿ ಮಾಡಿರ್ತಾರೆ ಮಾಸ್ಟರ್. ಸಿನಿಮಾದವರು, ಏನು ಬೇಕಾದ್ರೂ ಮಾಡ್ತಾರೆ."

"ಅಟ್ಟೆ ಹಾಕಿದ್ರೆ ಉದ್ದ ಸರಿಹೋಗುತ್ತಪ್ಪಾ. ಮೊಣಕಾಲು ಮಡಚುತ್ತಾ?" ಮಾಸ್ಟರು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಅಂಗಡಿಯಲ್ಲಿ ಗಿರಾಕಿಯ ಮಗನನ್ನು ಹೊಗಳುವ ದನಿಯಲ್ಲಿ ಹೇಳಿದರು: "ಬೇರೆ ಯಾರದೋ ಹುಡುಗ. ಒಳ್ಳೆ ನಡಿಗೆ."

ಡಾಕ್ಟರಮ್ಮ ಅವರ ಭುಜದ ಮೇಲೆ ಕೈಯಿಡಲು ಹೋಗಿ, ಇಡಲಾರದೆ ಹಿಂದೆಳೆದುಕೊಂಡರು. ಹೊರಡುವಾಗ ಇಬ್ಬರೂ ಬೆಳ್ಳಿ ಕೋಟು ಕಳಚಿ, ಒಳಮಗ್ಗುಲು ಹೊರಗೆ ಮಾಡಿ ಮಡಚಿಕೊಂಡು ಬೀದಿಗಿಳಿದರು.

ಮಗಳು ಲೋಟಗಳನ್ನು ತೊಳೆದು ಬರುವಷ್ಟರಲ್ಲಿ ಮಾಸ್ಟರು ಅಂಗಡಿಯಲ್ಲಿ, ಅರ್ಧ ಎಳೆದ ಬಾಗಿಲಿನಿಂದ ಬರುವ ಬಿಸಿಲಿನಲ್ಲಿ ಕೂತಿದ್ದರು. ಮಡಿಲಲ್ಲಿ ಈ ವರ್ಷದ ಪ್ಯಾಂಟು. ಬ್ಲೇಡಿನ ಮೂಲೆಯಿಂದ ಎಡಗಾಲಿನ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

"ಏನಪ್ಪಾ ಇದು?"

"ಎರಡೂ ಕಾಲು ಸಮ ಮಾಡಿಟ್ರೆ ಯಾರಿಗಾದ್ರೂ ಆಗುತ್ತೆ."

ಅವಳು ಎದುರಿನ ಸ್ಟೂಲಿನ ಮೇಲೆ ಕೂತಳು. ಬಿಚ್ಚಿದ ದಾರದ ತುಣುಕುಗಳು ಅವರ ಇಸ್ತ್ರಿಯ ಅಂಗಿಗೆ ಅಂಟಿಕೊಂಡಿದ್ದವು.

"ಅವತ್ತು ಬಂದ ಪೊಲೀಸಿನವರಿಗೆ ನೀನು ಟೀ ಕೊಟ್ಟಿದ್ದೆ, ಅಲ್ವಾ?"

"ಕೊಟ್ಟಿದ್ದೆ."

"ಏನೋ ಗುರುತಿದೆ ಅಂದ್ರಲ್ಲ. ಯಾವ ಗುರುತು ಅಂದ್ರು?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಸುಳ್ಳೂ ಹೊಳೆಯಲಿಲ್ಲ. "ಹೇಳೋಕೆ ಬಾಯಿ ತೆಗೆದ್ರು ಅಪ್ಪಾ. ಅಷ್ಟರಲ್ಲಿ ನೀನು ಟಿವಿ ಹಾಕಿದೆ."

ಮಾಸ್ಟರು ತಲೆಯಾಡಿಸಿದರು. ಕೊನೆಯ ಹೊಲಿಗೆ ಬಿಚ್ಚಿತು. ಮಡಿಕೆಯೊಳಗಿದ್ದ ಬಟ್ಟೆ ಕೆಳಗಿಳಿದು ಎರಡು ಕಾಲೂ ಸಮವಾದವು. ಮೇಜಿನ ಮೇಲೆ ಹರಡಿ, ನೀರು ಚಿಮುಕಿಸಿ ಇಸ್ತ್ರಿ ಒತ್ತಿದರು. ಮಡಿಕೆಯ ಗೆರೆ ಹೋಗಲಿಲ್ಲ. ಇನ್ನೂ ಬಲವಾಗಿ ಒತ್ತಿದರು. ಗೆರೆ ಅಲ್ಲೇ ಇತ್ತು.

"ಅಂಥವರನ್ನೆಲ್ಲ ಎಲ್ಲಿ ಹೂಳ್ತಾರೇ?" ಎಂದರು ತಲೆಯೆತ್ತದೆ.

"ಎಂಥವರನ್ನಪ್ಪಾ?"

"ಯಾರೂ ಬರದೆ ಉಳಿದವರನ್ನ."

ಒಳಗಿನ ಕೋಣೆಯಲ್ಲಿ ಯಾರೂ ಆರಿಸದೆ ಬಿಟ್ಟ ಟಿವಿಯಲ್ಲಿ ಕಂತು ಮುಗಿದು ಮತ್ತೆ ಶೀರ್ಷಿಕೆಯಿಂದ ಶುರುವಾಗಿತ್ತು; ನೌಕೆ ಭೂಮಿಯಿಂದ ಹೊರಡುವ ಸದ್ದು ಕೇಳುತ್ತಿತ್ತು. ಮಗಳು ಎದ್ದುಹೋಗಿ ಕಪಾಟಿನಲ್ಲಿದ್ದ ಪ್ಯಾಂಟುಗಳನ್ನೆಲ್ಲ ತೋಳ್ತುಂಬ ಎತ್ತಿ ತಂದು ಮೇಜಿನ ಮೇಲೆ ಹಾಕಿದಳು. ಮಾಸ್ಟರು ಬ್ಲೇಡು ಎತ್ತಿಕೊಂಡು ಮುಂದಿನದರ ಎಡಗಾಲನ್ನು ತಡವಿದರು.