ಎಡಗಡೆ ಮಾತ್ರ ಕೇಳುವ ಕಾಳಗ

ಬೂತಾಯಿ ಮೀನಿನ ತಲೆಯನ್ನು ಲಟಕ್ಕನೆ ಹಿಂದಕ್ಕೆ ಮುರಿದು, ಅದರ ಜೊತೆಗೇ ಬರುವ ಕರುಳನ್ನು ಬೋಗುಣಿಗೆ ಎಳೆದು ಹಾಕಿ, ಹೊಟ್ಟೆಯೊಳಗೆ ಹೆಬ್ಬೆರಳು ತೂರಿಸಿ ಮುಳ್ಳಿನುದ್ದಕ್ಕೂ ಸೀಳುವುದಕ್ಕೆ ಫುಸಾಕೊಗೆ ಚಾಕು ಬೇಕಾಗುತ್ತಿರಲಿಲ್ಲ. ಅರ್ಧ ಬುಟ್ಟಿ ಮುಗಿದಿತ್ತು, ಮೊಣಕೈವರೆಗೆ ರಕ್ತವಾಗಿತ್ತು, ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಕೈ ಒರೆಸಿಕೊಳ್ಳುವ ಗೋಜಿಗೆ ಹೋಗದೆ ಎರಡು ಬೆರಳಲ್ಲಿ ಅದನ್ನು ಎತ್ತಿ ಎಡಗಿವಿಗೆ ಸಿಕ್ಕಿಸಿ ಭುಜದಿಂದ ಒತ್ತಿ ಹಿಡಿದಳು. ಬಲಗಿವಿ ಅವಳ ಪಾಲಿಗೆ ಸತ್ತು ಮೂವತ್ತು ವರ್ಷವಾಗಿತ್ತು.

"ಅಕ್ಕಾ, ನಾನು ತೊಕುರಾ."

"ಗೊತ್ತಾತು ಬಿಡೋ. ಮತ್ತ ಆ ಪತ್ರದ ಮಾತ ಹೌದಲ್ಲೋ? ನಿನ್ನ ದನಿ ಕೇಳಿದ್ರ ಸತ್ತ ಮೀನ ಎದ್ದು ಓಡತಾವ."

"ನಗಬೇಡಿ ಅಕ್ಕಾ. ಎಲ್ಲಾರದೂ ಬಂತು, ನಿಮ್ಮ ಒಪ್ಪಿಗೆ ಪತ್ರ ಒಂದೇ ಬಾಕಿ. ಒಂದೇ ಪೆಟ್ಟಿಗೆಯೊಳಗೆ ಎರಡೂ ಬರ್ತಾವೆ. ಹೊಸದಾಗಿ ತಿದ್ದಿ ತೀಡಿದ ಆಟ ಒಂದು, ಅದರ ಪಕ್ಕದಲ್ಲೇ ಆಗಿನ ಹಳೇ ಆಟ. ಜನ ಕೇಳ್ತಿರೋದೇ ಅದನ್ನ."

"ಹಳೇದನ್ನ ಏನ್ ಮಾಡೀರಿ? ಮೊದಲ ಅದನ್ನ ಹೇಳು."

"ಹಳೇದನ್ನೂ ನಾವೋಸು ಮಾಡಿ ಆಯ್ತು. ನಾಳೆ ಬಂದು ಕೇಳಿಬಿಡಿ. ಎಬಿಹಾರಾ ಯಜಮಾನ್ರೂ ಬರ್ತಾರೆ."

ಎಬಿಹಾರಾನ ಹೆಸರು ಕೇಳಿದ ಕೂಡಲೇ ಫುಸಾಕೊಳ ಹೆಬ್ಬೆರಳು ಮೀನಿನ ಬೆನ್ನು ಸೀಳಿಕೊಂಡು ಆಚೆ ಬಂತು. ಆದರೆ ನಾವೋಸು ಎಂಬ ಮಾತು ಅವಳ ಎದೆಯ ಮೇಲಿನ ಕಲ್ಲನ್ನು ಇಳಿಸಿತ್ತು. ಒಸಾಕಾದ ಮನೆಗಳಲ್ಲಿ ಊಟವಾದ ಮೇಲೆ ತಾಯಿ ಮಗುವಿಗೆ ತಾಟು ನಾವೋಸು ಎಂದರೆ ತೊಳೆದು ಒಳಗಿಡು, ಅದರ ಜಾಗದಲ್ಲಿ ಜೋಪಾನವಾಗಿಡು ಎಂದು. ಟೋಕಿಯೋದವರ ಬಾಯಲ್ಲಿ ಅದೇ ಮಾತಿಗೆ ಕೆಟ್ಟದ್ದನ್ನು ಸರಿಪಡಿಸು ಎನ್ನುವ ಅರ್ಥ. ತೊಕುರಾ ಒಸಾಕಾದಲ್ಲೇ ಹುಟ್ಟಿದವನು. ಹಳೆಯದನ್ನು ಅದು ಇದ್ದ ಹಾಗೆಯೇ ಎತ್ತಿಟ್ಟಿದ್ದಾನೆ ಎಂದುಕೊಂಡಳು.

"ನಾಳೆ ಬರತೀನಿ. ಪತ್ರಾನೂ ತರತೀನಿ," ಎಂದಳು.

ಆ ವಿಡಿಯೋ ಆಟಕ್ಕೆ 'ಕರಿಹೊಳೆಯ ಏಳು ಬಾಗಿಲು' ಎಂದು ಹೆಸರು. ಆಡುವವನು ಉಪ್ಪು ಹೊರುವ ಆಳಾಗಿ ಹೊರಟು, ಹೊಳೆಯುದ್ದಕ್ಕೂ ಹೊಡೆದಾಡಿ, ಬಲ ಕೂಡಿಸಿಕೊಂಡು ಏಳು ಬಾಗಿಲು ದಾಟಬೇಕು. ಏಳನೆಯ ಬಾಗಿಲಲ್ಲಿ ದೊಣ್ಣೆ ಹಿಡಿದ ಕಾವಲುಗಾರನೊಬ್ಬ ನಿಂತಿರುತ್ತಾನೆ. ಅವನ ಕೈಯಲ್ಲಿ ಸಾಯದೆ ಆ ಆಟ ಮುಗಿಸಿದವರಿಲ್ಲ. ಅದರ ರಾಗಗಳನ್ನೆಲ್ಲ ಕಟ್ಟಿದವಳು ಫುಸಾಕೊ. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ.

ದಾರದ ಸಗಟು ಅಂಗಡಿಯೊಂದರ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಆ ಆಟ ಕಟ್ಟುವವರೆಲ್ಲ ದುಡಿಯುತ್ತಿದ್ದರು. ಯಜಮಾನ ಎಬಿಹಾರಾ ಟೋಕಿಯೋದಿಂದ ಬಂದವನು. ಅವನ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಕಥೆ ಬರೆಯುವ ಒನೋದಾನ ಮುಂದಿನ ಹಲ್ಲನ್ನು ಫೋನಿನ ಹಿಡಿಕೆಯಿಂದಲೇ ಮುರಿದಿದ್ದ. ಚಿತ್ರ ಬಿಡಿಸುವವನನ್ನು ತಂತಿಗಳ ರಾಶಿಯ ಮೇಲೆ ಮೊಣಕಾಲೂರಿಸಿ, ತೊಡೆಯ ಮೇಲೆ ಬೂಟುಗಾಲಿನಿಂದ ನಿಂತಿದ್ದ. ಏಟು ತಿಂದವರು ಎದ್ದು ಬಗ್ಗಿ, "ತಿದ್ದಿದ್ದಕ್ಕೆ ಉಪಕಾರವಾಯಿತು" ಎನ್ನಬೇಕಿತ್ತು. ಎನ್ನದಿದ್ದರೆ ಅದಕ್ಕೊಂದು ಏಟು ಬೇರೆ.

ಒಂದು ದಿನ ಅವನು ಅವಳ ಬೆನ್ನ ಹಿಂದೆ ನಿಂತು, "ಏಳನೇ ಬಾಗಿಲಿನ ರಾಗ ನಾವೋಸು" ಎಂದು ಹೇಳಿ ಹೋದ. ಒಪ್ಪಿಗೆಯಾಯಿತು, ಎತ್ತಿಡು ಎನ್ನುತ್ತಿದ್ದಾನೆ ಎಂದು ಹಿಗ್ಗಿದ ಹುಡುಗಿ ರಾಗವಿದ್ದ ಫ್ಲಾಪಿ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಆಟವನ್ನು ಕಾರ್ಖಾನೆಗೆ ಒಪ್ಪಿಸಬೇಕಾದ ದಿನ ಬೆಳಿಗ್ಗೆ ಅವನು ಕೇಳಿದಾಗ ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೊಟ್ಟಳು. "ನೀವ ಹೇಳಿದಂಗ ಜೋಪಾನ ಇಟ್ಟೀನ್ರಿ."

ಎರಡು ಕೈಯೂ ತುಂಬಿದ್ದವು. ಮುಖ ಮುಚ್ಚಿಕೊಳ್ಳಲು ಒಂದೂ ಬಿಡುವಿರಲಿಲ್ಲ. ಅಗಲವಾದ ಅಂಗೈ ಬಲಗಿವಿಯ ಮೇಲೆ ಅಪ್ಪಳಿಸಿತು. ಗಾಳಿ ತುಂಬಿದ ಕಾಗದದ ಚೀಲ ಒಡೆದಂತೆ ತಲೆಯೊಳಗೆ ಏನೋ ಒಡೆಯಿತು. ಬಿದ್ದವಳನ್ನು ಜುಟ್ಟು ಹಿಡಿದೆಬ್ಬಿಸಿ, ಕೀಬೋರ್ಡ್ ವಾದ್ಯದ ಮನೆಗಳ ಮೇಲೆ ಅವಳ ಮುಖ ಒತ್ತಿ ಉಜ್ಜಿದ. "ಸರಿಮಾಡು ಅಂದ್ರೆ ಬಚ್ಚಿಡ್ತೀಯಾ? ಮಧ್ಯಾಹ್ನದೊಳಗೆ ಸರಿಯಾಗಬೇಕು."

ಕಿವಿಯಿಂದ ಬಿಸಿ ರಕ್ತ ಕುತ್ತಿಗೆಗಿಳಿದು ಅಂಗಿಯ ಪಟ್ಟಿ ಅಂಟಾಯಿತು. ಹಾಗೇ ಕೂತು ರಾಗವನ್ನು ಮೊದಲಿಂದ ಕಟ್ಟಿದಳು. ಮುಗಿದಾಗ ಒನೋದಾ ಅದನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡಿ, ಮುರಿದ ಹಲ್ಲಿನ ಸಂದಿಯಿಂದ ಪಿಸುಗುಟ್ಟಿದ, "ಫುಸಾಕೊ, ಬಲಗಡೆ ಏನೂ ಕೇಳವಲ್ದಲ್ಲ." ನಿಜವಾಗಿತ್ತು. ಕೇಳದ ಕಡೆಗೆ ಬರೆಯುವುದನ್ನೇ ಅವಳು ಮರೆತಿದ್ದಳು. ಕೇಳದಿದ್ದರೂ ಪರದೆಯ ಅಂಕೆ ನೋಡಿಕೊಂಡು ತುಂಬಿಸಲು ಇನ್ನೂ ಸಮಯವಿತ್ತು. ತುಂಬಿಸಲಿಲ್ಲ. ಅವನು ಕಿತ್ತುಕೊಂಡದ್ದು ಖಾಲಿಯೇ ಇರಲಿ ಎಂದು ಹಾಗೆಯೇ ಕೊಟ್ಟುಬಿಟ್ಟಳು. ಕಿವಿ ವೈದ್ಯರಿಗೆ ಮೆಟ್ಟಿಲಿಂದ ಬಿದ್ದೆ ಎಂದಳು.

ಆಗಿನ ಮನೆಗಳ ಟಿವಿಗೆ ದನಿ ಬರುವ ಬಾಯಿ ಇದ್ದದ್ದು ಒಂದೇ, ಯಾರಿಗೂ ತಿಳಿಯಲಿಲ್ಲ. ಎರಡು ಬಾಯಿಯ ಟಿವಿ ಬಂದ ಮೇಲೆ ಆಡುವವರು ಬೆಚ್ಚಿದರು. ಏಳನೇ ಬಾಗಿಲಲ್ಲಿ ದೊಣ್ಣೆ ಬೀಸಿ ಬೀಳುವಾಗ ಕಾಳಗದ ರಾಗ ಎಡಗಡೆಯಿಂದ ಮಾತ್ರ ಬರುತ್ತಿತ್ತು, ಬಲಗಡೆ ಮಸಣದ ಹಾಗಿತ್ತು. ಅದರ ಮೇಲೆ ಜನ ವಾದ ಹೂಡಿದರು. ಕಿವಿ ಸರಿಯಿಲ್ಲದ ಹುಡುಗಿಯೊಬ್ಬಳು ಮಾಡಿದ ತಪ್ಪು, ನಾನು ಸಾಯುವುದರೊಳಗೆ ಸರಿಪಡಿಸುತ್ತೇನೆ ಎಂದು ಎಬಿಹಾರಾ ಪತ್ರಿಕೆಗಳಿಗೆ ಹೇಳಿದ.

ಅವಳ ರಾಗಗಳ ಹಕ್ಕು ಅವಳಲ್ಲೇ ಉಳಿದಿತ್ತು. ಅದಕ್ಕೇ ಆ ಪತ್ರವನ್ನು ಎರಡು ಮಳೆಗಾಲ ಸಹಿಯಿಲ್ಲದೆ ಇಟ್ಟುಕೊಂಡಿದ್ದಳು. ಹೊಸ ಆಟವೊಂದೇ ಬಂದರೆ ಲೋಕಕ್ಕೆ ಅದೇ ನಿಜವಾಗುತ್ತದೆ. ಹಳೆಯದನ್ನು ಆಡಿಸುವ ಆಗಿನ ಯಂತ್ರಗಳು ಒಂದೊಂದಾಗಿ ಸಾಯುತ್ತಿವೆ. ಆ ಖಾಲಿ ಬಲಗಡೆಯನ್ನು ಬಿಟ್ಟರೆ ತನಗಾದದ್ದಕ್ಕೆ ಬೇರೆ ಸಾಕ್ಷಿಯಿರಲಿಲ್ಲ.

ಮರುದಿನ ಸ್ಟುಡಿಯೋದಲ್ಲಿ ಎಬಿಹಾರಾ ಆಗಲೇ ಕೂತಿದ್ದ. ಎಂಬತ್ತು ಸಮೀಪಿಸಿದ್ದರೂ ಬೆನ್ನು ಬಾಗಿರಲಿಲ್ಲ. ಎರಡೂ ಅಂಗೈ ದಪ್ಪ ಮರದ ಕೋಲಿನ ತಲೆಯ ಮೇಲಿದ್ದವು.

"ಏನಮ್ಮಾ ಫುಸಾಕೊ, ಇನ್ನೂ ಬದುಕಿದ್ದೀಯಾ?"

"ನಿಮ್ಮ ದಯಾದಿಂದ ಅರ್ಧ ಬದುಕೀನ್ರಿ."

ತೊಕುರಾ ಮಧ್ಯೆ ಬಂದು ನಕ್ಕು, ಚಹಾ ಸುರಿದು, ಹೆಡ್‌ಫೋನ್ ಕೊಟ್ಟ. ಅವನಿಗೆ ನಲವತ್ತರ ಮೇಲಾಗಿತ್ತು. ಶಾಲೆಯಿಂದ ಬಂದು ಚೀಲ ಎಸೆದು ಈ ಆಟಕ್ಕೆ ಕೂರುತ್ತಿದ್ದವನು, ಈಗ ಇದನ್ನು ಮತ್ತೆ ಹೊರತರುವ ಕೆಲಸಕ್ಕೆ ಹಿರಿಯನಾಗಿದ್ದ. ಪರದೆಯ ಮೇಲೆ ಹಳೆಯ ಚುಕ್ಕಿ ಚುಕ್ಕಿಯ ಕಾವಲುಗಾರ ದೊಣ್ಣೆ ಎತ್ತಿದ. ಫುಸಾಕೊ ಹೆಡ್‌ಫೋನನ್ನು ತಿರುವುಮುರುವಾಗಿ ತೊಟ್ಟಳು. ಬಲದ ಬಟ್ಟಲು ಬದುಕಿದ್ದ ಎಡಗಿವಿಯ ಮೇಲೆ ಬಂತು. ಅಲ್ಲಿ ಏನೂ ಕೇಳಬಾರದಿತ್ತು.

ಡೋಲು ಕೇಳಿತು. ಅವಳು ಬರೆಯದ ಡೋಲು, ಯಾರೋ ಮೊನ್ನೆ ಬರೆದು ತುಂಬಿದ್ದು.

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಬಡಿದಳು. "ನಾವೋಸು ಮಾಡೀವಿ ಅಂದ್ಯಲ್ಲೋ, ಬಾಡ್ಯಾ!"

"ಹೌದಲ್ಲ ಅಕ್ಕಾ, ಹಳೇದನ್ನೂ ಸರಿಮಾಡಿ..." ಅನ್ನುತ್ತಿದ್ದ ಹಾಗೆ ತೊಕುರಾನ ಮುಖ ಬಿಳಿಚಿಕೊಂಡಿತು. "ಅಯ್ಯೋ. ನಮ್ಮವ್ವ ತಾಟು ಒಳಗಿಡು ಅನ್ನಾಕ ಅದನ್ನ ಅಂತಿದ್ಲು. ನಾನು ಟೋಕಿಯೋದೋರ ಹಾಗೆ ಅಂದುಬಿಟ್ಟೆ ಅಕ್ಕಾ."

"ಹತ್ತ ವರ್ಷ ಟೋಕಿಯೋದಾಗ ಅನ್ನ ತಿಂದಿ, ನಾಲಿಗಿನೂ ಮಾರಿಕೊಂಡಿ!"

ಎಬಿಹಾರಾ ಹೊಟ್ಟೆ ಕುಲುಕಿಸಿ ನಕ್ಕ. "ಇಷ್ಟು ವರ್ಷ ಆಯ್ತು, ಒಂದು ಪದ ಕಲಿಯೋಕಾಗಲಿಲ್ವಾ ನಿಮ್ಮೂರೋರಿಗೆ? ಆಗ ಕಿವಿ ಹಿಂಡಿ ಕಲಿಸಿದ್ದೆ. ಸಾಲಲಿಲ್ಲ ಅಂತ ಕಾಣುತ್ತೆ. ಎರಡು ಆಟಕ್ಕೂ ನನ್ನ ಹೆಸರು ಮೇಲಿರುತ್ತೆ. ಎರಡೂ ತಪ್ಪಿಲ್ಲದೆ ಹೋಗುತ್ತೆ. ಪತ್ರ ಕೊಟ್ಟು ನಡಿ."

"ಯಜಮಾನ್ರೇ," ತೊಕುರಾ ಕಂಪ್ಯೂಟರಿನ ಮುಂದೆ ಕೂತು ಕೀಲಿಗಳ ಮೇಲೆ ಕೈಯಿಟ್ಟ. "ಹಳೇದು ಹಳೇದರ ಹಾಗೇ ಇರಬೇಕು, ಇಲ್ಲಾಂದ್ರೆ ಪೆಟ್ಟಿಗೆಗೆ ಹಾಕಿ ಏನುಪಯೋಗ? ಈಗಲೇ ವಾಪಸ್ ಹಾಕ್ತೀನಿ."

ಕೋಲು ಎದ್ದದ್ದು ಅವನಿಗೆ ಕಾಣಲಿಲ್ಲ. ಮೊದಲ ಏಟಿಗೆ ಹುಬ್ಬು ಹರಿಯಿತು. ಎರಡನೆಯದು ಭುಜಕ್ಕೆ ಬಿತ್ತು. ಮೂರನೆಯದು ಕೀಲಿಗಳ ಮೇಲಿದ್ದ ಬೆರಳುಗಳ ಮೇಲೆ ಬಿದ್ದಾಗ ಕಡ್ಡಿ ಮುರಿದ ಸದ್ದಾಯಿತು. ಕೀಲಿಗಳ ಸಂದಿಗೆ ರಕ್ತ ಇಳಿಯತೊಡಗಿತು. ತೊಕುರಾ ಎದ್ದ. ಕಣ್ಣಿಗೆ ರಕ್ತ ಸುರಿಯುತ್ತಿದ್ದರೂ ಕೈ ತೊಡೆಗೆ ಅಂಟಿಸಿ, ನಡು ಬಗ್ಗಿಸಿ ನಿಂತ.

"ತಿದ್ದಿದ್ದಕ್ಕೆ... ಉಪಕಾರವಾಯಿತು."

ಈ ಮಾತನ್ನು ಅವನಿಗೆ ಯಾರು ಕಲಿಸಿದರು, ಯಾವಾಗ ಕಲಿಸಿದರು ಎಂದು ಕೇಳುವ ವ್ಯವಧಾನ ಫುಸಾಕೊಗೆ ಇರಲಿಲ್ಲ. ಕುರ್ಚಿ ಒದ್ದು ಎದ್ದಳು. ಎಬಿಹಾರಾ ಅವಳ ಕಡೆಗೂ ಬೀಸಿದ. ಏಟನ್ನು ಮುಂಗೈ ಮೇಲೆ ತೆಗೆದುಕೊಂಡು, ನೋವು ಹತ್ತುವ ಮೊದಲೇ ಇನ್ನೊಂದು ಕೈಯಿಂದ ಕೋಲು ಹಿಡಿದು ತಿರುಚಿದಳು. ದಿನವೂ ಬುಟ್ಟಿ ಬುಟ್ಟಿ ಮೀನಿನ ತಲೆ ಮುರಿಯುವ ಕೈ. ಮುದುಕನ ಹಿಡಿತ ಬಿಟ್ಟಿತು.

ಕೊರಳ ಬುಡದ ಎಲುಬಿಗೆ ಹೊಡೆದಳು. ಅದು ಮುರಿದದ್ದು ಅವಳ ಎಡಗಿವಿಗೆ ಚೆನ್ನಾಗಿ ಕೇಳಿತು. ಅವನು ಮೊಣಕಾಲೂರಿದಾಗ, ಹಿಂದೆ ಅವಳ ಮೇಲೆ ಎತ್ತಿದ್ದ ಅದೇ ಕೈಯ ಮಣಿಕಟ್ಟಿಗೆ ಹೊಡೆದಳು. ಎಬಿಹಾರಾ ಗೂಳಿಯ ಹಾಗೆ ಕೂಗಿ ಪಕ್ಕಕ್ಕೆ ಉರುಳಿದ. ಅವನ ಬಲಗಿವಿ ಮೇಲಾಯಿತು, ಬಿಳಿ ಕೂದಲು ಬೆಳೆದ, ಜೋಲುವ ಹಾಲೆಯ ದೊಡ್ಡ ಕಿವಿ. ಅದನ್ನೇ ನೋಡುತ್ತ ಕೋಲನ್ನು ತಲೆಯ ಮೇಲಕ್ಕೆ ಎತ್ತಿದಳು. ಹೊಡೆಯುವುದೆಂದೇ ಎತ್ತಿದ್ದಳು.

"ಸಾಕ ಅಕ್ಕಾ! ಸಾಯತಾನ!" ತೊಕುರಾ ಹಿಂದಿನಿಂದ ಬಂದು ಅವಳನ್ನು ಅಪ್ಪಿ ಹಿಡಿದ. ಅವನ ಹುಬ್ಬಿನ ರಕ್ತ ಅವಳ ಕುತ್ತಿಗೆಯ ಮೇಲೆ ಬೆಚ್ಚಗೆ ಇಳಿಯಿತು. ಆಗ ಅವಳ ಕೈಯಿಂದ ಕೋಲು ಜಾರಿತು.

ಆಂಬುಲೆನ್ಸಿನವನು ಬಂದು ಏನಾಯಿತೆಂದು ಕೇಳಿದಾಗ ಎಬಿಹಾರಾ ಹಲ್ಲು ಕಚ್ಚಿಕೊಂಡು, "ಮೆಟ್ಟಿಲು... ಮೆಟ್ಟಿಲಿಂದ ಬಿದ್ದೆ" ಎಂದ. ಹೆಂಗಸಿನ ಕೈಲಿ ಏಟು ತಿಂದೆ ಎನ್ನುವುದಕ್ಕಿಂತ ಅವನಿಗೆ ಅದೇ ವಾಸಿಯಾಗಿತ್ತು.

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಫುಸಾಕೊ ಮುಂದೆ ಬಂದಳು. "ಸುಳ್ಳ ಹೇಳತಾನ. ಇಲ್ಲಿ ಮೆಟ್ಟಲಾ ಇಲ್ಲ. ನಾನ ಹೊಡದೀನಿ. ಪೊಲೀಸ್ರನ್ನ ಕರೀರಿ, ಯಾಕ ಹೊಡದೆ ಅಂತನೂ ಹೇಳೋದೈತಿ."

"ಅಕ್ಕಾ, ಯಾಕ ಮೈಮ್ಯಾಲ ಎಳ್ಕೋತೀರಿ?" ತೊಕುರಾ ಪಿಸುಗುಟ್ಟಿದ.

"ಮತ್ತ ಮೆಟ್ಟಲಾ ಅಂದ್ರ ಏನೂ ನಡದೇ ಇಲ್ಲ ಅಂದಂಗ ಆಕ್ಕೈತೋ. ಸುಮ್ನಿರು."

ಠಾಣೆಯಲ್ಲಿ ಅವಳು ಮೊದಲಿಂದ ಹೇಳಿದಳು. ಅಂದಿನ ಬೆಳಗು, ಎರಡೂ ಕೈಯಲ್ಲಿ ಹಿಡಿದಿದ್ದ ತಟ್ಟೆ, ಕಿವಿ, ಒನೋದಾನ ಹಲ್ಲು, ಒಂದನ್ನೂ ಬಿಡಲಿಲ್ಲ. ಎಳೆಯ ಪೊಲೀಸಿನವನು ಬರೆಯುತ್ತ ಬರೆಯುತ್ತ ತಲೆ ಎತ್ತಿ, "ಅಮ್ಮಾ, ಅಷ್ಟು ಹಳೇದಕ್ಕೆ ಕೇಸು ನಿಲ್ಲೋದಿಲ್ಲ. ಇವತ್ತಿನದಕ್ಕೆ ನಿಮ್ಮ ಮೇಲೆ ನಿಲ್ಲುತ್ತೆ" ಎಂದ. "ನಿಲ್ಲಲಿ ಬಿಡಪ್ಪಾ, ನೀ ಬರಕೋ," ಎಂದಳು. ತೊಕುರಾನೂ ಬ್ಯಾಂಡೇಜಿನ ಕೈ ತೋರಿಸಿ, ಮೊದಲು ಹೊಡೆದವನು ಯಾರೆಂದು ಬರೆಸಿದ.

ಸುದ್ದಿ ಹಬ್ಬಿದ ಮೇಲೆ ಕಂಪನಿಯ ದೊಡ್ಡವರಿಬ್ಬರು ಸಿಹಿತಿಂಡಿಯ ಡಬ್ಬ ಹಿಡಿದು ಮನೆಗೆ ಬಂದರು. ಹಳೆಯ ಆಟವನ್ನು ಪೂರ್ತಿ ಕೈಬಿಟ್ಟು ಹೊಸದೊಂದನ್ನೇ ಹೊರಡಿಸಿದರೆ ಯಾರಿಗೂ ಮುಜುಗರವಿಲ್ಲ, ಎಬಿಹಾರಾ ಅವರೂ ದೂರು ಕೊಡುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಅವಳು ತಿಂಡಿಯ ಡಬ್ಬವನ್ನು ಅವರ ಕಡೆಗೇ ಸರಿಸಿದಳು.

"ಎರಡೂ ಹೋಗಬೇಕ್ರಿ, ಒಂದ ಪೆಟಿಗ್ಯಾಗ. ಹಳೇದು ಹೊಡತ ತಿಂದಂಗ ಹೋಗಬೇಕು. ಇಲ್ಲಂದ್ರ ನನ್ನ ಒಂದ ರಾಗನೂ ನಿಮಗ ಸಿಗೂದುಲ್ಲ. ದೂರು ಕೊಡೂದಿದ್ರ ಕೊಡಂತ ಹೇಳ್ರಿ."

ಎಬಿಹಾರಾ ದೂರು ಕೊಟ್ಟ. ಪೊಲೀಸರು ಕರೆದಾಗಲೆಲ್ಲ ಅವಳು ಠಾಣೆಗೆ ಹೋಗಿ ಬಂದಳು. ನೆರೆಯವರು ಎದುರು ಸಿಕ್ಕರೆ ಮೊದಲಿಗಿಂತ ಜಾಸ್ತಿ ಬಗ್ಗಿ, ಬೇಗ ಬೇಗ ದಾಟಿ ಹೋಗತೊಡಗಿದರು. ಕಂಪನಿಯಿಂದ ಮಾತಿಲ್ಲ.

ಚಳಿ ಹತ್ತುವ ಹೊತ್ತಿಗೆ ಒಂದು ಮಧ್ಯಾಹ್ನ ತೊಕುರಾ ಬಂದ. ಎರಡು ಬೆರಳು ನೆಟ್ಟಗಾಗಿರಲಿಲ್ಲ, ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ಕಂಪ್ಯೂಟರ್ ಬಿಚ್ಚಿ ಹೆಡ್‌ಫೋನ್ ಮುಂದಿಟ್ಟ.

"ಒಪ್ಪಿದ್ರೇನೋ?" ಎಂದಳು ಫುಸಾಕೊ.

"ಆಡೋ ಜನ ಬಿಡಲಿಲ್ಲ ಅಕ್ಕಾ. ಹಳೇದಿಲ್ಲದ ಪೆಟ್ಟಿಗೆ ನಮಗೆ ಬೇಡ ಅಂತ ಊರೆಲ್ಲ ಕೂಗಿದ್ರು. ಯಜಮಾನ್ರ ಹೆಸರು ಕೆಳಗೆ ಇಳೀತು. ಕೇಳಿ ನೋಡ್ರಿ. ಈ ಸಲ ಯಾವ ಪದಾನೂ ಹೇಳೂದಿಲ್ಲ ನಾ."

ಕಾವಲುಗಾರ ದೊಣ್ಣೆ ಎತ್ತಿದ. ಅವಳು ಹೆಡ್‌ಫೋನ್ ತಿರುಗಿಸಿ ತೊಟ್ಟು ಕಣ್ಣು ಮುಚ್ಚಿದಳು. ಕಾಳಗ ಪೂರ್ತಿ ಮುಗಿಯುವವರೆಗೂ ಕೂತಳು. ಬಲದ ಬಟ್ಟಲಲ್ಲಿ ಒಂದು ಉಸಿರಿನಷ್ಟೂ ಸದ್ದಿರಲಿಲ್ಲ. ತೊಕುರಾ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಹೆಡ್‌ಫೋನ್ ಇಳಿಸಿ, ಒಳಗೆ ಹೋಗಿ ಪತ್ರ ತಂದಳು. ಹಳೆಯ ಆಟದಲ್ಲಿ ಒಂದು ಸ್ವರವನ್ನೂ ಸೇರಿಸಬಾರದು, ತೆಗೆಯಬಾರದು, ಅದು ಹೊಸದರಿಂದ ಬೇರೆಯಾಗಿ ಎಂದೂ ಮಾರಾಟವಾಗಬಾರದು ಎಂದು ಕೆಳಗೆ ತನ್ನ ಕೈಯಾರೆ ಬರೆದು, ಸಹಿಯ ಬದಲಿಗೆ ತನ್ನ ಹೆಸರಿನ ಮೊಹರಿಗೆ ಕೆಂಪು ಹಚ್ಚಿ ಒತ್ತಿದಳು.

"ಕೊಡ್ರಿ, ನಾನೇ ಒಯ್ಯತೀನಿ," ಎಂದು ತೊಕುರಾ ಸೊಟ್ಟ ಬೆರಳಿನ ಕೈ ಚಾಚಿದ.

"ನಿನ್ನ ಕೈಯಾಗ ಬ್ಯಾಡ. ದಾರ್ಯಾಗ ಯಾರರೆ ಹೊಡದ್ರ ಅವರಿಗೂ ಉಪಕಾರ ಅಂತ ಬಗ್ಗಿ ನಿಂದರ್ತಿ."

ತೊಕುರಾ ನಗಲು ಹೋಗಿ, ನೊಂದ ಹುಬ್ಬನ್ನು ಒತ್ತಿ ಹಿಡಿದ. ಫುಸಾಕೊ ಪತ್ರವನ್ನು ಕಂಪನಿಯ ವಿಳಾಸ ಬರೆದ ಲಕೋಟೆಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಓಣಿಯ ತುದಿಯವರೆಗೆ ನಡೆದಳು. ಎದುರು ಮನೆಯವಳು ಕಸ ಗುಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಕೆಂಪು ಅಂಚೆ ಡಬ್ಬದ ಬಾಯಿಗೆ ಪತ್ರವನ್ನು ಅರ್ಧ ತೂರಿಸಿ, ವಿಳಾಸವನ್ನು ಇನ್ನೊಮ್ಮೆ ಓದಿ, ಒಳಕ್ಕೆ ನೂಕಿ ಕೈ ಬಿಟ್ಟಳು.