ಖಂಡೇಪೂಜೆಯ ದಿನ ಬಂದ ಕಂಪ್ಯೂಟರ್

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ನೀಲಾಳ ಟೈಪಿಂಗ್ ಅಂಗಡಿ ಎಂದರೆ ಒಂದು ಮೇಜು, ಒಂದು ಪ್ರಿಂಟರ್, ಒಂದು ಹಳೇ ಕಂಪ್ಯೂಟರ್. ಆದರೆ ಲಗ್ನದ ಕಾಲ ಬಂತೆಂದರೆ ಜಾಂಬೋಟಿಯಿಂದಲೂ ಜನ ಅಲ್ಲಿಗೇ ಬರುತ್ತಿದ್ದರು. ಇಲ್ಲಿ ಬೀಗರಲ್ಲಿ ಒಬ್ಬರು ಕನ್ನಡದವರಾದರೆ ಇನ್ನೊಬ್ಬರು ಮರಾಠಿಯವರು. ಒಂದೇ ಪತ್ರಿಕೆಯಲ್ಲಿ ಎರಡೂ ಬೇಕು, ಎಲ್ಲಾದರೂ ಒಂದು ಹೆಸರು ತಪ್ಪಿತೋ, ಮಾವಂದಿರ ಮೋರೆ ಊದಿಕೊಳ್ಳುತ್ತದೆ. ಎರಡನ್ನೂ ತಪ್ಪಿಲ್ಲದೆ ಟೈಪ್ ಮಾಡಬಲ್ಲವಳು ತಾಲ್ಲೂಕಿಗೆಲ್ಲ ನೀಲಾ ಒಬ್ಬಳೇ. ಗಂಡನ ಗಿರಣಿ ಮುಚ್ಚಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದೂ ಅದರಿಂದಲೇ.

ಆ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸು ಎಂದು ಬೆನ್ನು ಬಿದ್ದವಳು ತ್ರಿವೇಣಿ. ಬೆಳಗಾವಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಇಬ್ಬರದೂ ಒಂದೇ ಬೆಂಚು, ಒಂದೇ ಬುತ್ತಿ. ಈಗ ತ್ರಿವೇಣಿ ಶಿವಬಸವ ನಗರದಲ್ಲಿ ಸ್ವಂತ ಸೆಂಟರ್ ನಡೆಸುತ್ತಿದ್ದಳು.

"ಇದೇನ ನೀಲಾ, ಅಜ್ಜನ ಕಾಲದ್ದ ಹಿಡಕೊಂಡ ಕುಂತೀ? ಹೊಸಾ ವಿಂಡೋಸ್ ಹಾಕಿ ಕೊಡ್ತೀನಿ. ಮಂದಿ ತರೋ ಫೈಲ್ ಎಲ್ಲಾ ತೆರೀತಾವ."

"ನನ್ನ ಕನ್ನಡ-ಮರಾಠಿ ಅಕ್ಷರದ ಸಾಫ್ಟ್‌ವೇರ್ ಅದರಾಗ ನಡೀತೈತೇನ? ಅದನ್ನ ಮಾಡಿದ ಕಂಪನಿನ ಮುಚ್ಚೈತಿ. ಅದು ಹೋದ್ರ ನಾನೂ ಹೋದಂಗ."

"ನಡೀತೈತಿ ತಗೋ. ನನ್ನ ಮ್ಯಾಲೆ ನಂಬಿಕಿ ಇಲ್ಲೇನ?"

ನಂಬಿಕೆ ಇತ್ತು. ಅದೇ ಕೇಡಾಯಿತು. ನೀಲಾ ಕಂಪ್ಯೂಟರಿನ ಜೊತೆಗೆ ಸಾಫ್ಟ್‌ವೇರಿನ ಮೂಲ ಫ್ಲಾಪಿಗಳನ್ನೂ ಕೊಟ್ಟು ಕಳಿಸಿದಳು.

ತ್ರಿವೇಣಿ ಅದನ್ನು ತಂದಿಳಿಸಿದ್ದು ಸರಿಯಾಗಿ ಖಂಡೇಪೂಜೆಯ, ಎಂದರೆ ಆಯುಧಪೂಜೆಯ, ಬೆಳಗ್ಗೆ. ಅಂದು ಖಾನಾಪುರದಲ್ಲಿ ಹೊಲಿಗೆ ಯಂತ್ರದಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲಕ್ಕೂ ವಿಶ್ರಾಂತಿ. ಪೂಜೆಗೆ ಕೂತ ಯಂತ್ರವನ್ನು ಮರುದಿನ ದಸರೆಯ ಬನ್ನಿ ಮುಡಿಯುವವರೆಗೆ ಯಾರೂ ನಡೆಸುವುದಿಲ್ಲ. ನೀಲಾ ಗುಂಡಿ ಒತ್ತಿ ನೋಡಲಿಲ್ಲ. ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಕಾಯಿ ಒಡೆದಳು. ತ್ರಿವೇಣಿ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಂಡಳು. ಫ್ಲಾಪಿ ಎಲ್ಲಿ ಎಂದದ್ದಕ್ಕೆ "ಸೆಂಟರಿನ್ಯಾಗ ಉಳದಾವ, ಆಮ್ಯಾಲ ಕೊಡ್ತೀನಿ" ಎಂದು ಕೈ ತೊಳೆಯಲು ಎದ್ದಳು.

ಬನ್ನಿ ಹಂಚಿದ ಮರುದಿನ ನೀಲಾ ಕಂಪ್ಯೂಟರ್ ಚಾಲೂ ಮಾಡಿದಳು. ಪರದೆ ತುಂಬ ನೀಲಿ ಆಕಾಶ, ಬಿಳಿ ಮೋಡ. ನೋಡಲು ಚಂದವೇ ಚಂದ. ಆದರೆ ಏನನ್ನಾದರೂ ಒತ್ತಿದರೆ ಅದು ತೆರೆಯುವಷ್ಟರಲ್ಲಿ ಚಹಾ ಕುದಿಸಿ ಕುಡಿಯಬಹುದಿತ್ತು. ಅದನ್ನೂ ಸಹಿಸಿಯಾಳು, ಅಕ್ಷರದ ಸಾಫ್ಟ್‌ವೇರ್ ಎಲ್ಲಿ? ಹುಡುಕಿ ಹುಡುಕಿ ಸಾಕಾಯಿತು. ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಹಾಕಲಾಗಿತ್ತು. ಎದುರಿಗೆ ಜಾಂಬೋಟಿಯ ಬಾಳಪ್ಪ ಮಗಳ ಲಗ್ನಪತ್ರಿಕೆಯ ಒಕ್ಕಣೆ ಹಿಡಿದು ಕೂತಿದ್ದ.

"ನಾಳೆ ಬರ್ರಿ ಮಾಮಾ, ಮಾತ ತಪ್ಪಂಗಿಲ್ಲ" ಎಂದು ಅವನನ್ನು ಕಳಿಸಿ, ಒಕ್ಕಣೆಯನ್ನು ಚೀಲಕ್ಕೆ ಹಾಕಿಕೊಂಡು ಬೆಳಗಾವಿಯ ಬಸ್ಸು ಹತ್ತಿದಳು. ತ್ರಿವೇಣಿಗೆ ಏನೋ ಕಣ್ತಪ್ಪಾಗಿರಬೇಕು, ಫ್ಲಾಪಿ ಹಾಕಿದರೆ ಸರಿಹೋದೀತು ಎಂದು ದಾರಿಯುದ್ದಕ್ಕೂ ಗೆಳತಿಯ ಪರವಾಗಿಯೇ ವಾದಿಸಿಕೊಂಡಳು, ಹುಚ್ಚಿ.

ತ್ರಿವೇಣಿ ಕಣ್ತಪ್ಪು ಎನ್ನಲಿಲ್ಲ. "ಆ ಫ್ಲಾಪಿ ಅಳಿಸಿ ಕ್ಲಾಸಿನವರಿಗೆ ಕೊಟ್ಟೆ" ಎಂದಳು.

"ಹೊಸಾದರಾಗ ಅದು ನಡಿಯಂಗಿಲ್ಲಂತ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು. ವಿಂಡೋಸ್ ಹಾಕುಮುಂದ ಈ ಮಷಿನ್‌ಗೆ ತಾಕತ್ತಿಲ್ಲಂತ ಅದ ತಡೀತು. ಆ ತಪಾಸಣಿ ದಾಟಿಸಿ ಹಾಕಿದೆ. ಅಂಗಡಿ ಬಿಟ್ಟು ನನ್ನ ಕಡೆ ಬಾ ಅಂದ್ರ ನೀ ಬರ್ತಿದ್ದಿ ಏನ? ಎರಡೂ ಭಾಷಾ ಟೈಪ್ ಮಾಡೂ ಕೈ ನನಗ ಬೇಕಾಗಿದ್ವು. ಪಗಾರ ಚಲೋ ಕೊಡ್ತೀನಿ. ನೋಡಿಲ್ಲೆ, ಹೊಸಾ ಮಷಿನ್, ಫ್ಯಾನಿನ ಕೆಳಗ ಕುರ್ಚಿ."

"ಖಂಡೇಪೂಜಿ ದಿನಾನ ಯಾಕ ತಂದಿ?"

ತ್ರಿವೇಣಿ ತಲೆ ತಗ್ಗಿಸಿದಳು. "ಅವತ್ತ ನೀ ಚಾಲೂ ಮಾಡಿ ನೋಡಂಗಿಲ್ಲಂತ."

ನೀಲಾ ಚೀಲವನ್ನು ಹೆಗಲಿಗೆ ಏರಿಸಿದಳು. ಕಂಪ್ಯೂಟರ್ ಹಾಳಾದದ್ದು ಒಂದು ಕಡೆ ಇರಲಿ. ತನ್ನ ಭಕ್ತಿಯನ್ನೇ ನೆಚ್ಚಿಕೊಂಡು ಮೋಸ ಹೂಡಿ, ತನ್ನ ಮನೆಯಲ್ಲೇ ಹೊಟ್ಟೆ ತುಂಬ ಉಂಡು ಎದ್ದಳಲ್ಲ! ಬೆನ್ನು ತಿರುಗಿಸಿ ಹೋಗಿಬಿಡಬೇಕೆನಿಸಿತು. ಎಲ್ಲಿಗೆ ಹೋಗುವುದು? ಬಾಳಪ್ಪ ನಾಳೆ ಬರುತ್ತಾನೆ. ಅವನ ನಂತರ ಬರುವವರಿಗೆ ಏನು ಹೇಳುವುದು? ಅವಳು ಚೀಲದಿಂದ ಒಕ್ಕಣೆ ತೆಗೆದು ಆ ಕುರ್ಚಿಯಲ್ಲಿ ಕೂತಳು.

ತ್ರಿವೇಣಿಯ ಮುಖ ಅರಳಿತು. ಓಡಿಹೋಗಿ ಚಹಾ ತಂದು, ಅರ್ಧವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದು ಗೆಳತಿಯ ಮುಂದೆ ಹಿಡಿದಳು. "ನೀ ಬಂದೀ ಅಂದ್ರ ನನಗ ಆನಿ ಬಲ ಬಂದಂಗಾತು ನೋಡ."

"ನಾ ಬಂದಿಲ್ಲ" ಎಂದಳು ನೀಲಾ, ಪರದೆಯಿಂದ ಕಣ್ಣು ತೆಗೆಯದೆ. "ನಿನಗ ಕೈ ಬೇಕಾಗಿದ್ವಲ್ಲ, ಅವಷ್ಟ ಬಂದಾವ. ಅವಕ್ಕ ಪಗಾರ ಕೊಡು. ಚಾ ಒಯ್ಯಿ."

ತ್ರಿವೇಣಿ ಬಸಿ ಹಿಡಿದುಕೊಂಡೇ ನಿಂತಳು. ನೀಲಾ ಟೈಪ್ ಮಾಡುತ್ತಲೇ ಇದ್ದಳು.