ಗಲಾಟೆಯಿಲ್ಲದ ಮಗು

ದಸರಾ ರಜೆಗೆ ಬೆಂಗಳೂರು ರಸ್ತೆಯ ವಾಟರ್ ಪಾರ್ಕಿಗೆ ಹೋಗುವುದೆಂದು ನಿಶ್ಚಯವಾದಾಗಿನಿಂದ ಅರ್ಪಿತಳಿಗೆ ನೆಮ್ಮದಿ ಇರಲಿಲ್ಲ. ಅವಳ ಗಂಡ ಸ್ವರೂಪ ಮದ್ದೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಅದೇ ಸ್ಕೂಲಿನ ಅಶೋಕ್ ಮೇಷ್ಟ್ರು ಎರಡೂ ಸಂಸಾರಕ್ಕೆ ಸೇರಿ ಒಂದು ಟೆಂಪೋ ಟ್ರಾವೆಲರ್ ಗೊತ್ತುಮಾಡಿದ್ದರು. ಉಳಿದವರಿಗೆಲ್ಲ ಅದು ಸಂತೋಷದ ಸುದ್ದಿ. ಅರ್ಪಿತ ಮಾತ್ರ ಮಳವಳ್ಳಿಯ ಮನೆಯಲ್ಲಿ ಅಡುಗೆ ಮಾಡುತ್ತ, ತಾನು ಗುಮಾಸ್ತೆಯಾಗಿದ್ದ ಸಹಕಾರ ಬ್ಯಾಂಕಿನಲ್ಲಿ ಕೂತು, ನೀರಿನಲ್ಲಿ ಕಾಲು ಜಾರಿದರೆ, ಜನದ ನಡುವೆ ಕೈ ತಪ್ಪಿದರೆ, ಗಾಡಿಯಲ್ಲಿ ವಾಂತಿಯಾದರೆ, ಎಲ್ಲವನ್ನೂ ಒಂದೊಂದಾಗಿ ಯೋಚಿಸಿ ಮುಗಿಸಿದ್ದಳು. ಮಕ್ಕಳ ತೋಳಿನ ಮೇಲೆ ಫೋನ್ ನಂಬರ್ ಬರೆಯಲು ನೀರಿಗೆ ಅಳಿಸಿಹೋಗದ ಪೆನ್ನನ್ನೂ ತಂದಿಟ್ಟಿದ್ದಳು.

"ಹೊರಡೋಕ್ ಮುಂಚೇನೇ ನನ್ ಮಕ್ಕಳ್ನ ಹತ್ತು ಸಲ ಮುಳುಗಿಸ್ಬುಟ್ಟೆ ಕಣೇ ನೀನು," ಎಂದು ಸ್ವರೂಪ ನಕ್ಕ.

"ಮನೇಲಿ ಒಬ್ರಾದ್ರೂ ಯೋಚ್ನೆ ಮಾಡ್ಬೇಕಲ್ಲ," ಎಂದಳು ಅವಳು.

ಮಕ್ಕಳ ಎತ್ತರ ಎಷ್ಟು ಎಂದು ಕೇಳಿ ಫೋನ್ ಮಾಡಿದವರು ಅಶೋಕ್ ಮೇಷ್ಟ್ರ ಹೆಂಡತಿ. ಪಾರ್ಕಿನಲ್ಲಿ ಯಾವ ಆಟಕ್ಕೆ ಯಾರನ್ನು ಬಿಡುತ್ತಾರೆ ಎನ್ನುವುದು ವಯಸ್ಸಿನ ಲೆಕ್ಕವಲ್ಲವಂತೆ, ಎತ್ತರದ ಲೆಕ್ಕವಂತೆ. ಅಲ್ಲಿ ಹೋದಮೇಲೆ ಯಾವ ಮಗುವೂ ಅಳುವುದು ಬೇಡ, ಮೊದಲೇ ನೋಡಿಕೊಳ್ಳೋಣ ಎಂದರು.

ಭಾನುವಾರ ಬೆಳಿಗ್ಗೆ ಅರ್ಪಿತ ಇಬ್ಬರನ್ನೂ ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದಳು. ಮೊದಲು ಭೈರವ್. ಐದು ವರ್ಷದವನು, ಯುಕೆಜಿ. ಒಂದು ಕ್ಷಣ ನಿಲ್ಲಲಾರದೆ ಕುಣಿಯುತ್ತಿದ್ದವನ ನೆತ್ತಿಯ ಮೇಲೆ ಹೇಗೋ ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಆಮೇಲೆ ಅಮೃತ. ಏಳು ತುಂಬಿದವಳು, ಎರಡನೇ ಕ್ಲಾಸು. ನಿಲ್ಲು ಎಂದ ಕಡೆ ನಿಂತಳು, ಕತ್ತು ಎತ್ತು ಎಂದರೆ ಎತ್ತಿದಳು. ಅವಳ ನೆತ್ತಿಯ ಮೇಲೆ ಸ್ಕೇಲು ಇಟ್ಟಾಗ ಪೆನ್ಸಿಲ್ಲು ತಮ್ಮನ ಗೆರೆಗಿಂತ ಒಂದು ಕೂದಲೆಳೆ ಕೆಳಗೆ ಬಂತು.

ಅರ್ಪಿತ ಅದನ್ನು ಅಳಿಸಿ ಇನ್ನೊಮ್ಮೆ ಅಳೆದಳು. ಜಡೆ ಬಿಚ್ಚಿ ಮತ್ತೊಮ್ಮೆ ಅಳೆದಳು.

"ನಾನೇ ಎತ್ರ! ನಾನೇ ಅಣ್ಣ!" ಎಂದು ಭೈರವ್ ಮನೆತುಂಬ ಓಡಿದ. ಅಮೃತ ಏನೂ ಹೇಳದೆ ಹೋಗಿ ದಿವಾನದ ಮೇಲೆ ಮಲಗಿದಳು.

ಹೊರಗೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ದೇವಿರಮ್ಮನ ಹತ್ತಿರ ಹೋಗಿ ಅರ್ಪಿತ ಹೇಳಿದಳು. ದೇವಿರಮ್ಮ ತಲೆ ಎತ್ತಲಿಲ್ಲ.

"ಎಣ್ಣೈಕ್ಳು ಅಂಗೇ ಕಣಮ್ಮ. ಅನ್ನೊಂದು ಅನ್ನೆರಡಕ್ಕೆ ಒಂದೇ ಸಲಕ್ಕೆ ಎದ್ಬುಡ್ತವೆ. ನಿನ್ ಮಾವ ಏನು ಬಾರಿ ಉದ್ದ ಇದ್ರಾ? ಸುಮ್ಕಿರು."

"ಹೋದ ವರ್ಷದ ಯೂನಿಫಾರ್ಮೇ ಈ ವರ್ಷಾನೂ ಹಾಕ್ತಾವ್ಳಲ್ಲ ಅತ್ತೆ. ಒಂದು ಚೂರೂ ಗಿಡ್ಡ ಆಗಿಲ್ಲ."

"ಅವ್ಳು ಬಟ್ಟೆ ಜ್ವಾಪಾನ ಮಾಡ್ತಾಳೆ. ಬಂಗಾರದಂತ ಮಗ. ಈ ಬೈರನ್ನ ನೋಡು, ತಿಂಗ್ಳಿಗೊಂದು ಚಡ್ಡಿ ಅರೀತಾನೆ."

ಜೂನ್ ತಿಂಗಳಲ್ಲಿ ಅದೇ ಯೂನಿಫಾರ್ಮನ್ನು ಇಸ್ತ್ರಿ ಮಾಡಿಸಿ ಹಾಕಿದಾಗ ಅರ್ಪಿತಳೂ ಹೀಗೇ ಹಿಗ್ಗಿದ್ದಳು. ಮಗಳು ಬೆಳೆದಿಲ್ಲ ಎಂದು ಆಗ ಹೊಳೆದಿರಲಿಲ್ಲ. ಬೆಳಗೂ ಸಂಜೆಯೂ ಕಣ್ಣೆದುರೇ ಇರುವ ಮಗುವನ್ನು ಯಾರು ಅಳೆಯುತ್ತಾರೆ?

ಸಂಜೆ ಸ್ವರೂಪನಿಗೆ ಹೇಳಿದಾಗ ಅವನು ಎದ್ದು ತಾನೇ ಅಳೆದ. ಗೆರೆ ನೋಡಿದ. ಆಮೇಲೆ, "ಭೈರವ್ ಜಾಸ್ತಿ ಬೆಳ್ದವ್ನೆ ಅಷ್ಟೇ. ಅವಳು ಸರಿಯಾಗೇ ಅವಳೆ," ಎಂದ.

"ಯಾರಾದ್ರೂ ಡಾಕ್ಟ್ರಿಗೆ ತೋರಿಸೋಣ ರೀ."

"ತೋರಿಸೋಣ ಬುಡು, ಟ್ರಿಪ್ಪು ಮುಗಿಸ್ಕೊಂಡು ಬಂದು. ಇವತ್ತು ಎತ್ತರ, ನಿನ್ನೆ ನೀರು, ಮೊನ್ನೆ ಡ್ರೈವರ್ ನಿದ್ದೆ ಮಾಡ್ತಾನಾ ಅಂತ. ನಿಂಗೆ ದಿನಕ್ಕೊಂದು ಬೇಕು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಭೈರವನಿಗೆ ಕೆಮ್ಮು ಬಂದರೆ ನಿಮೋನಿಯಾ ಎಂದು ಹೆದರಿದವಳು ಅವಳು, ಸ್ವರೂಪನ ಬಸ್ಸು ತಡವಾದರೆ ಅಪಘಾತವೇ ಎಂದು ಫೋನ್ ಮೇಲೆ ಫೋನ್ ಮಾಡಿದವಳೂ ಅವಳೇ. ಒಂದು ಸಲವೂ ಅವಳ ಭಯ ನಿಜವಾಗಿರಲಿಲ್ಲ. ಇದೂ ಹಾಗೆಯೇ ಇರಬಹುದು. ಹಾಗೆಂದುಕೊಂಡು ಸುಮ್ಮನಾಗಲು ಪ್ರಯತ್ನಿಸಿದಳು. ಆಗಲಿಲ್ಲ. ಒಮ್ಮೆ ಕಂಡದ್ದು ಕಣ್ಣು ಬಿಟ್ಟು ಹೋಗಲಿಲ್ಲ.

ಮಗಳನ್ನು ಅವಳು ಕದ್ದು ನೋಡತೊಡಗಿದಳು. ಬಿಸಿಲಿನಲ್ಲೂ ಅಮೃತ ಸ್ವೆಟರ್ ಬೇಕು ಎನ್ನುತ್ತಿದ್ದಳು. ಕೈ ಹಿಡಿದರೆ ತಣ್ಣಗೆ, ಮುಂಗೈ ಚರ್ಮ ಒಣಗಿ ಒರಟು. ಬೆಳಿಗ್ಗೆ ಎದ್ದಾಗ ಮುಖ ಸ್ವಲ್ಪ ಊದಿಕೊಂಡಿರುತ್ತಿತ್ತು. ಬೀದಿಯ ಮಕ್ಕಳು ಕರೆದರೆ ಹೋಗಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳೇ ಹೊರತು ಆಡುತ್ತಿರಲಿಲ್ಲ. ಇದೆಲ್ಲ ಯಾವಾಗ ಶುರುವಾಯಿತು? ಯುಕೆಜಿಯಲ್ಲಿದ್ದಾಗ ಪಕ್ಕದ ಮನೆಯ ಕಾಂಪೌಂಡು ಹತ್ತಿ ಮಂಡಿ ಕಿತ್ತುಕೊಂಡ ಹುಡುಗಿಯಲ್ಲವೇ ಇವಳು? ಮನೆಯವರೆಲ್ಲ ಬುದ್ಧಿ ಬಂತು ಎಂದುಕೊಂಡಿದ್ದರು. ಸ್ಕೂಲಿನ ಮಿಸ್ಸು, "ಇಂಥ ಮಕ್ಕಳು ಕ್ಲಾಸಿಗೆ ಹತ್ತು ಜನ ಇದ್ರೆ ಸಾಕು, ಒಂಚೂರೂ ಗಲಾಟೆ ಇಲ್ಲ," ಎಂದು ಹೊಗಳಿದ್ದರು.

ಟ್ರಿಪ್ಪಿನ ವಾರ ಬಂತು. ಸ್ಕೂಲುಗಳಿಗೆ ರಜೆ ಶುರುವಾಗಲು ಇನ್ನೂ ಎರಡು ದಿನವಿತ್ತು. ಭೈರವ್ ಫೋನಿನಲ್ಲಿ ಪಾರ್ಕಿನ ವಿಡಿಯೋ ಹಾಕಿಸಿಕೊಂಡು ಪ್ರತಿ ಜಾರುಬಂಡಿಗೂ ಕೂಗುತ್ತಿದ್ದ. ಅರ್ಪಿತ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತ ಮಗಳನ್ನು ಕೇಳಿದಳು, "ನಿಂಗೆ ಯಾವ ಆಟ ಇಷ್ಟ ಅಮ್ಮೀ? ಅಲ್ಲಿ ಹೋಗಿ ಮೊದ್ಲು ಏನ್ ಆಡ್ತೀಯ?"

ಅಮೃತ ಸ್ವಲ್ಪ ಯೋಚಿಸಿದಳು. "ಅಲ್ಲಿ ಮಲಗೋಕೆ ಜಾಗ ಇರ್ತದಾ ಅಮ್ಮ?"

ಅರ್ಪಿತ ಕೈಯಲ್ಲಿದ್ದ ಟವೆಲನ್ನು ಕೆಳಗಿಟ್ಟಳು.

ಮಾರನೆಯ ದಿನ ಬ್ಯಾಂಕಿಗೆ ರಜೆ ಹೇಳಿ, ಅತ್ತೆಗೆ ಮಾತ್ರ ತಿಳಿಸಿ, ಮಗಳನ್ನು ಕರೆದುಕೊಂಡು ಮಂಡ್ಯದ ಬಸ್ಸು ಹತ್ತಿದಳು. ಸ್ವರೂಪನಿಗೆ ಬಸ್ಸಿನಿಂದಲೇ ಮೆಸೇಜು ಕಳಿಸಿದಳು. ಉತ್ತರ ಬರಲಿಲ್ಲ. ಅಮೃತ ಮಳವಳ್ಳಿ ದಾಟುವ ಮೊದಲೇ ಅವಳ ತೊಡೆಯ ಮೇಲೆ ನಿದ್ದೆಹೋದಳು. ದಾರಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದಾಗ ಅರ್ಪಿತಳಿಗೆ ಎರಡು ಭಯ ಒಟ್ಟಿಗೆ ಆಯಿತು. ಡಾಕ್ಟರು ಏನಾದರೂ ಇದೆ ಎಂದರೆ ಎಂಬುದು ಒಂದು. ಏನೂ ಇಲ್ಲ, ನಿಮಗೇ ತಲೆ ಸರಿಯಿಲ್ಲ ಎಂದರೆ ಎಂಬುದು ಇನ್ನೊಂದು.

ಮಕ್ಕಳ ಡಾಕ್ಟರು ವೀಣ ನಡುವಯಸ್ಸಿನ ಹೆಂಗಸು. ಅರ್ಪಿತ ವಾಟರ್ ಪಾರ್ಕಿನಿಂದ ಶುರುಮಾಡಿ ಯೂನಿಫಾರ್ಮು, ಸ್ವೆಟರು ಎಂದೆಲ್ಲ ತಡವರಿಸುತ್ತ ಹೇಳುವುದನ್ನು ಅವರು ನಡುವೆ ತಡೆಯದೆ ಕೇಳಿದರು. ಅಮೃತಳ ಕುತ್ತಿಗೆ ಮುಟ್ಟಿ ನೋಡಿದರು, ನಾಡಿ ಹಿಡಿದರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಮೋಷನ್ ಸರಿಯಾಗಿ ಆಗುತ್ತದಾ ಎಂದು ಕೇಳಿದರು. ಇಲ್ಲ ಎಂದು ಅಮೃತಳೇ ನಾಚಿಕೊಂಡು ತಲೆಯಾಡಿಸಿದಳು.

"ಹಳೇ ಫೋಟೋ ಇದ್ಯಾ?"

ಅರ್ಪಿತ ಫೋನಿನಲ್ಲಿ ಹುಡುಕಿ ಕೊಟ್ಟಳು. ಡಾಕ್ಟರು ಫೋಟೋವನ್ನೂ ಮಗುವನ್ನೂ ನೋಡಿ, "ರಕ್ತ ಪರೀಕ್ಷೆ ಮಾಡಿಸೋಣ. ಥೈರಾಯ್ಡ್ ಅನ್ನೋ ಅನುಮಾನ ನಂಗೆ. ನೀವು ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು," ಎಂದರು.

ಅವಳ ಭಯ ಕೇಳಿ ಯಾರೂ ಹಾಗೆ ಹೇಳಿರಲಿಲ್ಲ. ಸಮಾಧಾನವಾಗಬೇಕಿತ್ತು. ಆದರೆ ಅವಳು ಅಮೃತಳ ತಣ್ಣನೆಯ ಕೈ ಹಿಡಿದು ಬಿಡಲಿಲ್ಲ.

ರಕ್ತ ಕೊಡುವ ಕಡೆ ಸಾಲಿನಲ್ಲಿ ಕೂತಿದ್ದಾಗ ಸ್ವರೂಪ ಬಂದ. ಮೆಸೇಜು ನೋಡಿ ಪಾಠ ಬಿಟ್ಟು ಮದ್ದೂರಿನಿಂದ ಬಂದಿದ್ದ, ಬೆರಳಿಗೆ ಸೀಮೆಸುಣ್ಣ ಇನ್ನೂ ಮೆತ್ತಿತ್ತು. ಜಗಳ ಆಡಲು ಬಂದನೋ ಎಂದುಕೊಂಡಳು. ಅವನು ಏನೂ ಕೇಳದೆ ಮಲಗಿದ್ದ ಮಗಳನ್ನು ಎತ್ತಿ ಭುಜಕ್ಕೆ ಹಾಕಿಕೊಂಡ. ಸೂಜಿ ಚುಚ್ಚುವಾಗ ಅಮೃತ ಮುಖ ಕಿವುಚಿದಳು, ಅಳಲಿಲ್ಲ. ಅಲ್ಲಿದ್ದ ನರ್ಸು, "ಎಷ್ಟ್ ಒಳ್ಳೇ ಪಾಪು!" ಎಂದಳು. ಸ್ವರೂಪ ಥಟ್ಟನೆ ಅರ್ಪಿತಳ ಕಡೆ ನೋಡಿದ. ಆ ಹೊಗಳಿಕೆ ಅವನಿಗೂ ಈಗ ಬೇರೆಯಾಗಿ ಕೇಳಿಸಿತ್ತು.

ಫಲಿತಾಂಶಕ್ಕೆ ಕಾಯುತ್ತಿದ್ದಾಗ ಅರ್ಪಿತ ಬ್ಯಾಂಕಿನಲ್ಲಿ ಒಂದೇ ಚಲನ್ನನ್ನು ಎರಡು ಸಲ ಸೀಲು ಮಾಡಿ ಬೈಸಿಕೊಂಡಳು. ಫೋನು ಬಂದದ್ದು ಟ್ರಿಪ್ಪಿನ ಹಿಂದಿನ ಸಂಜೆ, ಚೀಲಗಳೆಲ್ಲ ಬಾಗಿಲ ಬಳಿ ಸಾಲಾಗಿ ಕೂತಿದ್ದಾಗ. ಅವಳು ಸ್ಪೀಕರ್ ಹಾಕಿದಳು.

"ಥೈರಾಯ್ಡ್ ಗ್ರಂಥಿ ಕೆಲಸಾನೇ ಮಾಡ್ತಿಲ್ಲ ಅನ್ನೋಷ್ಟು ಕಮ್ಮಿ ಇದೆಯಮ್ಮ," ಎಂದರು ವೀಣ. "ವರ್ಷದ ಮೇಲಾಗಿರ್ಬೇಕು ಇದು ಶುರುವಾಗಿ. ಹೆದರ್ಬೇಡಿ. ಬುದ್ಧಿಗೇನೂ ತೊಂದ್ರೆ ಆಗಿಲ್ಲ. ದಿನಾ ಖಾಲಿ ಹೊಟ್ಟೇಲಿ ಒಂದು ಮಾತ್ರೆ. ಮಗು ಬೆಳೆಯುತ್ತೆ."

"ಎಷ್ಟು ದಿನ ಡಾಕ್ಟ್ರೇ?" ಎಂದು ಸ್ವರೂಪ ಫೋನಿಗೆ ಬಾಗಿ ಕೇಳಿದ.

"ಬಹುಶಃ ಜೀವನಪೂರ್ತಿ. ಊಟ ಮಾಡಿದ ಹಾಗೆ ಅಂದ್ಕೊಳ್ಳಿ. ನಾಳೆ ಕರ್ಕೊಂಡು ಬನ್ನಿ, ಹೃದಯಕ್ಕೂ ಒಂದು ಸ್ಕ್ಯಾನ್ ಮಾಡಿ ಶುರುಮಾಡೋಣ. ಪಾರ್ಕು ಸದ್ಯಕ್ಕೆ ಬೇಡ."

ಟ್ರಿಪ್ಪು ಇಲ್ಲ ಎಂದು ತಿಳಿದದ್ದೇ ಭೈರವ್ ನೆಲದ ಮೇಲೆ ಬಿದ್ದು ಹೊರಳಾಡಿದ. ಚೀಲಗಳನ್ನು ಒದ್ದ. "ಅಕ್ಕನ್ನ ಬುಟ್ಟು ಓಗಣ!" ಎಂದು ಅಜ್ಜಿಯ ಮಾತಿನಲ್ಲೇ ಕಿರುಚಿದ. ಅಮೃತ, "ಸರಿ," ಎಂದಳು ಅಷ್ಟೇ. ಹೋಗಿ ಮಲಗಿದಳು. ರಿಪೋರ್ಟಿನ ಸುದ್ದಿಗಿಂತ ಆ 'ಸರಿ' ಅರ್ಪಿತಳಿಗೆ ಹೆಚ್ಚು ಹೆದರಿಕೆ ತಂದಿತು. ಕೊಟ್ಟ ಸಂತೋಷವನ್ನು ಕಿತ್ತುಕೊಂಡರೂ ಅಳದ ಮಗು. ಅವಳು ಹೋಗಿ ಮಗಳ ಪಕ್ಕ ಮಲಗಿ, ಆ ತಣ್ಣನೆಯ ಪಾದಗಳನ್ನು ತನ್ನ ಕಾಲುಗಳ ನಡುವೆ ಇಟ್ಟುಕೊಂಡಳು.

ಹೊರಗೆ ದೇವಿರಮ್ಮ ಮಗನಿಗೆ ಮೆಲ್ಲಗೆ ಹೇಳುವುದು ಕೇಳಿಸಿತು. "ಎಣ್ಮಗ ಕಣಪ್ಪ. ಜೀವ್ಮಾನವೆಲ್ಲ ಮಾತ್ರೆ ಅಂದ್ರೆ ನಾಳೆ ಯಾರು ಮಾಡ್ಕಂಡಾರು? ಈ ವಿಷ್ಯ ಯಾರ್ಗೂ ಏಳ್ಬ್ಯಾಡ್ರಿ."

"ಹೇಳ್ತೀವವ್ವ," ಎಂದ ಸ್ವರೂಪ. "ಮೊದ್ಲು ಸ್ಕೂಲಿಗೆ ಹೇಳ್ಬೇಕು, ಊರಲ್ಲಿ ಅರ್ಪಿತನ ಅಪ್ಪನಿಗೆ ಹೇಳ್ಬೇಕು. ಮುಚ್ಚಿಡೋಕೆ ಅವ್ಳೇನು ಕಳ್ಳತನ ಮಾಡವ್ಳಾ?"

ಮಾರನೆಯ ದಿನ ಮಂಡ್ಯಕ್ಕೆ ಹೋದರು. ಸ್ಕ್ಯಾನಿನಲ್ಲಿ ಹೃದಯಕ್ಕೆ ತೊಂದರೆ ಕಾಣಲಿಲ್ಲ. ಮಾತ್ರೆ ಶುರುವಾದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದ ದೇವಿರಮ್ಮನೇ ಮೊಮ್ಮಗಳನ್ನು ಎಬ್ಬಿಸಿ, ಮಾತ್ರೆ ನುಂಗಿಸಿ, ಆಮೇಲೆ ಅರ್ಧ ಗಂಟೆ ಅವಳ ಹತ್ತಿರ ಹಾಲಿನ ಲೋಟ ಸುಳಿಯದಂತೆ ಕಾಯತೊಡಗಿದಳು. ಯಾರೂ ಅವಳಿಗೆ ಆ ಕೆಲಸ ಒಪ್ಪಿಸಿರಲಿಲ್ಲ.

ಮೊದಲ ವಾರಗಳಲ್ಲಿ ಏನೂ ಕಾಣಲಿಲ್ಲ. ಅರ್ಪಿತ ಮಗಳ ಮುಖವನ್ನೇ ನೋಡುತ್ತ, ಮಾತ್ರೆ ಕಮ್ಮಿಯಾಯಿತೋ, ಹೆಚ್ಚಾಯಿತೋ, ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೋ ಎಂದು ಕೊರಗಿದಳು. ಆಮೇಲೊಂದು ದಿನ ಸ್ಕೂಲಿನಿಂದ ಫೋನ್ ಬಂತು. ಅಮೃತ ಕ್ಲಾಸಿನಲ್ಲಿ ಒಂದೇ ಸಮ ಮಾತಾಡುತ್ತಾಳೆ, ಇವತ್ತು ಬೆಂಚಿನ ಮೇಲೆ ಹತ್ತಿ ಕುಣಿದಳು, ಮೊದಲು ಹೀಗಿರಲಿಲ್ಲವಲ್ಲ ಎಂದರು ಮಿಸ್ಸು. ಮಾತ್ರೆ ಮೈಗೆ ಒಗ್ಗುತ್ತಿಲ್ಲ ಎಂದು ಅರ್ಪಿತ ತಕ್ಷಣ ಮಂಡ್ಯಕ್ಕೆ ಫೋನ್ ಮಾಡಿದಳು.

ಡಾಕ್ಟರು ಎಲ್ಲ ಕೇಳಿದರು. "ರಾತ್ರಿ ನಿದ್ದೆ ಮಾಡ್ತಾಳಾ? ಊಟ?"

"ಚೆನ್ನಾಗಿ ಮಾಡ್ತಾಳೆ ಡಾಕ್ಟ್ರೇ."

"ಮುಂದಿನ ವಾರ ರಕ್ತ ನೋಡೋಣ, ಡೋಸು ಸರಿಯಿದ್ಯಾ ಅಂತ. ಆದ್ರೆ ನಂಗನ್ನಿಸೋ ಮಟ್ಟಿಗೆ ಇದು ಮಾತ್ರೆಯ ಗಲಾಟೆ ಅಲ್ಲಮ್ಮ. ನಿಮ್ ಮಗಳದೇ."

ಡೋಸು ಸರಿಯಾಗಿಯೇ ಇತ್ತು.

ಏಪ್ರಿಲ್ ರಜೆಯಲ್ಲಿ ಅಶೋಕ್ ಮೇಷ್ಟ್ರು ಮತ್ತೆ ಗಾಡಿ ಗೊತ್ತುಮಾಡಿದರು. ಅರ್ಪಿತ ಮತ್ತೆ ನಿದ್ದೆಗೆಟ್ಟಳು. ಮಾತ್ರೆಯನ್ನು ಎರಡು ಚೀಲದಲ್ಲಿ ಇಟ್ಟಳು, ಒಂದು ಕಳೆದರೆ ಇನ್ನೊಂದು ಇರಲಿ ಎಂದು. ಈ ಸಲ ಸ್ವರೂಪ ನಗಲಿಲ್ಲ. ಮೂರನೆಯದನ್ನು ತನ್ನ ಷರ್ಟಿನ ಜೇಬಿನಲ್ಲಿ ಇಟ್ಟುಕೊಂಡ. ಗಾಡಿ ಮದ್ದೂರು ದಾಟುವುದರೊಳಗೆ ಕಿಟಕಿ ಸೀಟಿಗಾಗಿ ಅಕ್ಕ ತಮ್ಮ ಎರಡು ಸಲ ಹೊಡೆದಾಡಿದರು. ದೇವಿರಮ್ಮ ಇಬ್ಬರಿಗೂ ತಲೆಗೊಂದು ಕೊಟ್ಟು ನಡುವೆ ಕೂತಳು.

ದೊಡ್ಡ ಆಟಗಳಿಗೆ ಇಬ್ಬರನ್ನೂ ಇನ್ನೂ ಬಿಡುವಂತಿರಲಿಲ್ಲ. ಚಿಕ್ಕವರ ಜಾರುಬಂಡಿಗೆ ಸ್ವರೂಪ ಅಮೃತಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿದ. ಅರ್ಪಿತ ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ಸೀರೆ ಎತ್ತಿಕಟ್ಟಿ ನಿಂತಳು. ಮಗಳು ಮೇಲೆ ಕೂತದ್ದು ಕಂಡಿತು, ಆಮೇಲೆ ಕಾಣಲಿಲ್ಲ. ಕೊಳವೆಯ ಬಾಯಿಂದ ಅಮೃತ ದಬಕ್ಕನೆ ಬಂದು ಬಿದ್ದಳು, ಪೂರ್ತಿ ಮುಳುಗಿ, ಎದ್ದು, ಮೂಗಿನಿಂದ ನೀರು ಸೀನಿ, ಕೆಮ್ಮಿ, ತಾಯಿ ಚಾಚಿದ ಕೈಯನ್ನು ಸರಿಸಿ ಮತ್ತೆ ಮೆಟ್ಟಿಲ ಕಡೆ ಓಡಿದಳು.

"ಓಡ್ಬೇಡ ಅಮ್ಮೀ, ಜಾರ್ತದೆ!" ಎಂದು ಅರ್ಪಿತ ಕೂಗಿದಳು.

ಅಮೃತ ಕಿವಿಗೇ ಹಾಕಿಕೊಳ್ಳಲಿಲ್ಲ.